ಗಿರೀಶ ಕಾರ್ನಾಡರ ಆರಂಭದ ಹತ್ತು ವರ್ಷಗಳು

ಪ್ರಸಿದ್ಧನಾದ ನಾಟಕಕಾರನ ಮೊದಲ ಕೃತಿಗಳನ್ನು ವಿಮರ್ಶಿಸುವಾಗ ಎರಡು ಬಗೆಯ ತಪ್ಪು ನಡೆಯುವುದುಂಟು. ಮುಂದೆ ದೊರೆತ ಕೀರ್ತಿಯ ಬೆಳಕನ್ನು ಹಿಂದಕ್ಕೆ ಚೆಲ್ಲಿ, ಮೊದಲ ಬರೆಹದ ಎಳಸುತನವನ್ನೂ ಪ್ರೌಢಿಮೆಯೆಂದು ಹೊಗಳುವುದು ಒಂದು. ಅದನ್ನು ಬರಿಯ ಅಭ್ಯಾಸವೆಂದು ಬದಿಗಿಟ್ಟು ದೊಡ್ಡ ಕೃತಿಗೇ ಕೈಯಿಕ್ಕುವುದು ಇನ್ನೊಂದು. ಗಿರೀಶ ಕಾರ್ನಾಡರ ವಿಷಯದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂತಹ ಯಕ್ಷಗಾನದ ಸೀಮೆಯವರಿಗೆ ಮೂರನೆಯ ತಪ್ಪೊಂದಕ್ಕೂ ಎಡೆಯುಂಟು. 'ಹಯವದನ'ದಲ್ಲಿ ಭಾಗವತನಿದ್ದಾನೆ, ತೆರೆಯಿದೆ, ಮೊದಲಿಗೆ ಗಣಪತಿಯ ಪೂಜೆಯಿದೆ. ಆದುದರಿಂದ ಅದು ಬಯಲಾಟದ ಕೂಸೇ ಎಂದು ಹಿಗ್ಗುವುದು, ಇಲ್ಲವೆ ಆಟದ ಒಡವೆಯನ್ನು ಪೇಟೆಯವರು ಒಯ್ದರೆಂದು ಕೊರಗುವುದು. ಹಿಗ್ಗಾಗಲಿ ಕೊರಗಾಗಲಿ ವಿಮರ್ಶೆಯಾಗಲಾರದು. 1961ರಿಂದ 1971ರ ವರೆಗಿನ ಹತ್ತು ವರ್ಷಗಳಲ್ಲಿ ಈ ನಾಟಕಕಾರರು ಕಲಿತದ್ದೇನು, ಬಿಟ್ಟದ್ದೇನು, ಯಕ್ಷಗಾನದಿಂದ ಪಡೆದದ್ದನ್ನು ಏನು ಮಾಡಿದರು ಎಂಬುದನ್ನು ಕೃತಿಗಳನ್ನೇ ಮುಂದಿಟ್ಟು ನೋಡುವುದು ಯುಕ್ತ.

ಕಾರ್ನಾಡರು 1938ರಲ್ಲಿ ಮಹಾರಾಷ್ಟ್ರದ ಮಾಥೇರಾನಿನಲ್ಲಿ ಜನಿಸಿದರು. ಮೂಲ್ಕಿಯ ಬಳಿಯ ಕಾರ್ನಾಡು ಎಂಬ ಊರಿನ ಹೆಸರು ಮನೆತನಕ್ಕೆ ಅಂಟಿಕೊಂಡಿದ್ದರೂ ಅವರ ಬಾಲ್ಯ ಕಳೆದುದು ಶಿರಸಿಯಲ್ಲಿ, ವಿದ್ಯಾಭ್ಯಾಸ ನಡೆದುದು ಧಾರವಾಡದಲ್ಲಿ. ಮನೆಯ ಮಾತು ಕೊಂಕಣಿ. ಬರೆಹದ ಮಾತು ಕನ್ನಡವಾಯಿತು. ಈ ಜಿಲ್ಲೆಯ ವಾಚಕರಿಗೆ ಇದರಲ್ಲಿ ಅಚ್ಚರಿಯೇನೂ ತೋರಲಿಕ್ಕಿಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರೂ ಕೊಂಕಣಿ ಮನೆಯವರೇ. ತುಳುವನ್ನೋ ಕೊಂಕಣಿಯನ್ನೋ ಆಡುತ್ತ ಕನ್ನಡವನ್ನು ಬರೆಯುವುದು ಇಲ್ಲಿಯ ಮನೆಮನೆಯ ಮಾತು. ಆದರೆ ಕಾರ್ನಾಡರ ಯೌವನದ ಹಂಬಲ ಕನ್ನಡದ್ದೂ ಆಗಿರಲಿಲ್ಲ, ನಾಟಕದ್ದೂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ಕವಿತೆ ಬರೆದು ಹೊರನಾಡಿನಲ್ಲಿ ಹೆಸರು ಪಡೆಯಬೇಕೆಂಬುದು ತಮ್ಮ ಆಸೆಯಾಗಿತ್ತೆಂದು ಅವರೇ ಮುಂದೆ ಬರೆದುಕೊಂಡಿದ್ದಾರೆ. ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದು, ರೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೊರಡುವ ಸಿದ್ಧತೆಯಲ್ಲಿದ್ದಾಗ ಅವರ ಲೇಖನಿಯಿಂದ ಬಂದುದು ಇಂಗ್ಲಿಷ್ ಕವಿತೆಯಲ್ಲ, ಕನ್ನಡ ನಾಟಕ. ಅದೂ ಮಹಾಭಾರತದ ಕಥೆ. ಅದೇ 'ಯಯಾತಿ'. ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು 1961ರಲ್ಲಿ ಪ್ರಕಟಿಸಿತು.

ಯಯಾತಿಯ ಕಥೆ ಭಾರತ ವಾಚನವನ್ನು ಕೇಳಿದ ಯಾರಿಗೂ ಹೊಸದಲ್ಲ. ಶುಕ್ರಾಚಾರ್ಯನ ಶಾಪದಿಂದ ಮುಪ್ಪಡಸಿದ ಅರಸನು ಮಕ್ಕಳಲ್ಲಿ ತಾರುಣ್ಯವನ್ನು ಬೇಡುತ್ತಾನೆ. ಕಿರಿಯನಾದ ಪೂರು ಅದನ್ನು ಕೊಡುತ್ತಾನೆ. ಪುರಾಣದ ದೃಷ್ಟಿಯಲ್ಲಿ ಇದು ಪಿತೃಭಕ್ತಿಯ ಕಥೆ. ಇಪ್ಪತ್ತೆರಡರ ಹರೆಯದ ಲೇಖಕರು ಒಂದೇ ಒಂದು ಪ್ರಶ್ನೆಯಿಂದ ಇದರ ಬುಡವನ್ನು ಅಲುಗಿಸಿದರು: ಪೂರುವಿಗೆ ಹೆಂಡತಿಯೊಬ್ಬಳಿದ್ದಿದ್ದರೆ? ಚಿತ್ರಲೇಖೆಯೆಂಬ ಈ ಪಾತ್ರ ಮೂಲದಲ್ಲಿಲ್ಲ. ತಂದೆಗೆ ಮಗನ ತ್ಯಾಗ, ಮಗನಿಗೆ ತನ್ನ ಬಾಳಿಗೊಂದು ಅರ್ಥ. ಆ ವಧುವಿಗೋ ಮುದುಕನಾದ ಗಂಡ. ಗಂಡನ ತಾರುಣ್ಯ ಈಗ ಮಾವನ ಮೈಯಲ್ಲಿರುವುದಾದರೆ ತನ್ನ ಧರ್ಮ ಯಾವುದೆಂದು ಆಕೆ ಕೇಳಿದಾಗ ಯಯಾತಿಯ ಬಳಿ ಉತ್ತರವಿಲ್ಲ. ಆಕೆ ವಿಷ ಸೇವಿಸಿ ಸಾಯುತ್ತಾಳೆ. ಆ ಸಾವಿನ ಮುಂದೆ ಯಯಾತಿ ತನ್ನ ಮುಪ್ಪನ್ನು ತಾನೇ ಹೊರಲು ಒಪ್ಪುತ್ತಾನೆ. ತ್ಯಾಗವೆಂದು ಲೋಕ ಹೊಗಳುವುದರ ಬೆಲೆಯನ್ನು ತೆರುವವರು ಬೇರೆಯೇ ಇರುತ್ತಾರೆಂಬ ಈ ನೋಟ ಅಂದಿನ ಕನ್ನಡ ಪೌರಾಣಿಕ ನಾಟಕಕ್ಕೆ ಹೊಸದು. ವಿದೇಶಕ್ಕೆ ಹೊರಟ ಮಗನ ಮೇಲೆ ಮನೆಯವರು ಕಟ್ಟಿದ ನಿರೀಕ್ಷೆಗಳ ಭಾರವೇ ಈ ಕಥೆಯನ್ನು ತನ್ನ ಕಡೆಗೆ ಸೆಳೆಯಿತೆಂದು ಲೇಖಕರೇ ಹೇಳಿದ್ದುಂಟು. ಅದು ನಿಜವೇ ಇರಬೇಕು. ಮಾತುಗಳಲ್ಲಿ ಸ್ವಂತದ ಬಿಸಿ ಕಾಣುತ್ತದೆ.

ಆದರೆ ಗುಣವನ್ನು ಒಪ್ಪಿದ ಮೇಲೆ ದೋಷವನ್ನೂ ಹೇಳತಕ್ಕದ್ದು. 'ಯಯಾತಿ'ಯ ಪಾತ್ರಗಳೆಲ್ಲ ತಮ್ಮನ್ನು ತಾವೇ ವಿವರಿಸಿಕೊಳ್ಳುತ್ತವೆ. ಫ್ರಾನ್ಸಿನ ಆನುಯಿ, ಸಾರ್ತ್ರ ಮೊದಲಾದವರ ನಾಟಕಗಳ ಓದು ಲೇಖಕರಿಗೆ ದಾರಿ ತೋರಿತು; ಅದರೊಡನೆ ಆ ನಾಟಕಗಳ ವಾದಪ್ರಿಯತೆಯೂ ಬಂದಿತು. ಪೂರುವಾಗಲಿ ಶರ್ಮಿಷ್ಠೆಯಾಗಲಿ ಅನುಭವಿಸುವುದಕ್ಕಿಂತ ಮೊದಲೇ ಅನುಭವದ ತಾತ್ಪರ್ಯವನ್ನು ಬಲ್ಲರು. ರಂಗದ ಮೇಲೆ ಏನು ಜರುಗುವುದೋ ಅದನ್ನು ಮಾತೇ ಜರುಗಿಸುತ್ತದೆ. ನಟನ ಮೈಗೆ, ಮೌನಕ್ಕೆ, ಸಂಗೀತಕ್ಕೆ ಲೇಖಕರು ಬಿಟ್ಟ ತೆರವು ಸ್ವಲ್ಪವೇ. ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಸಲೀಸಾಗಿ ಸಂಚರಿಸಿದ ಕಾರ್ನಾಡರು ಈ ನಾಟಕವನ್ನು ಇಂಗ್ಲಿಷಿಗೆ ತಂದುದು ಸುಮಾರು ಅರ್ಧ ಶತಮಾನದ ಬಳಿಕ, 2008ರಲ್ಲಿ ಎಂಬುದು ಗಮನಾರ್ಹ. ಇದು ಓದುವ ನಾಟಕಗಳಲ್ಲಿ ಉತ್ತಮವಾದುದು. ನೋಡುವ ನಾಟಕವಾಗಲು ಇನ್ನೂ ಕಾಲ ಬೇಕಿತ್ತು.

ಆಕ್ಸ್‌ಫರ್ಡಿನಲ್ಲಿ 1960ರಿಂದ 1963ರ ವರೆಗೆ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದಿ, ಅಲ್ಲಿಯ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿಯೂ ಆಯ್ಕೆಗೊಂಡ ಕಾರ್ನಾಡರು, ಹಿಂದಿರುಗಿ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಉದ್ಯೋಗಕ್ಕೆ ಸೇರಿದರು. ಎರಡನೆಯ ನಾಟಕ 'ತುಘಲಕ್' 1964ರಲ್ಲಿ ಹೊರಬಂದಿತು. ಐತಿಹಾಸಿಕ ವಸ್ತುವನ್ನು ಗಂಭೀರವಾದ ವಿಚಾರದೊಡನೆ ಕೈಗೆತ್ತಿಕೊಂಡ ನಾಟಕ ಕನ್ನಡದಲ್ಲಿ ವಿರಳವೆಂದು ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಆಡಿದ ಮಾತು ಇದಕ್ಕೆ ಪ್ರೇರಣೆಯಾಯಿತು. 1325ರಿಂದ 1351ರ ವರೆಗೆ ದಿಲ್ಲಿಯನ್ನಾಳಿದ ಮಹಮ್ಮದ್ ಬಿನ್ ತುಘಲಕನು ವಿದ್ವಾಂಸ, ತಾರ್ಕಿಕ, ಆದರ್ಶವಾದಿ. ರಾಜಧಾನಿಯನ್ನು ದೌಲತಾಬಾದಿಗೆ ಒಯ್ದವನು, ಬೆಳ್ಳಿಯ ಬೆಲೆಗೆ ತಾಮ್ರದ ನಾಣ್ಯವನ್ನು ಚಲಾವಣೆಗೆ ತಂದವನು. ಪ್ರಜೆಗಳ ಒಳಿತಿಗೆಂದು ಮಾಡಿದ ಒಂದೊಂದೂ ಪ್ರಜೆಗಳ ಕೊರಳಿಗೆ ಉರುಳಾದುದನ್ನು ನಾಟಕ 13 ದೃಶ್ಯಗಳಲ್ಲಿ ತೋರಿಸುತ್ತದೆ. ನೆಹರೂ ತೀರಿಕೊಂಡ ವರ್ಷದಲ್ಲೇ ಬಂದ ಈ ಕೃತಿಯಲ್ಲಿ ಸ್ವಾತಂತ್ರ್ಯದ ಬಳಿಕದ ಆಶೆ ನಿರಾಶೆಗಳ ನೆರಳನ್ನು ಹಲವರು ಕಂಡರು.

'ಯಯಾತಿ'ಗೂ 'ತುಘಲಕ್'ಗೂ ನಡುವೆ ಕೇವಲ ಮೂರು ವರ್ಷಗಳ ಅಂತರವಿದ್ದರೂ ಕಲೆಯ ಅಂತರ ಬಹಳ. ಅದಕ್ಕೆ ಕಾರಣ ಆಕ್ಸ್‌ಫರ್ಡಿನ ವಿದ್ಯೆಯೊಂದೇ ಎಂದರೆ ತಪ್ಪಾದೀತು. ಶಿರಸಿಯ ಬಾಲ್ಯಕ್ಕೂ ಅದರಲ್ಲಿ ಪಾಲುಂಟು. ಹುಡುಗನಾಗಿದ್ದಾಗ ತಂದೆತಾಯಿಗಳೊಡನೆ ಕಂಪನಿ ನಾಟಕಗಳನ್ನೂ, ಮನೆಯ ಆಳುಗಳೊಡನೆ ಯಕ್ಷಗಾನವನ್ನೂ ಕಂಡುದನ್ನು ಅವರು ನೆನೆದಿದ್ದಾರೆ. ಪಾರ್ಸಿ ರಂಗಭೂಮಿಯಿಂದ ಬಂದ ಕಂಪನಿ ನಾಟಕದಲ್ಲಿ ಒಂದು ಉಪಾಯವಿತ್ತು. ಮುಂದೆ ಬೀದಿಯ ಪರದೆಯನ್ನಿಳಿಸಿ ಅದರೆದುರು ಹಾಸ್ಯಗಾರರು ಆಡುತ್ತಿರುವಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗುವುದು. ಅರಮನೆಯ ಗಂಭೀರ ದೃಶ್ಯ, ಬೀದಿಯ ನಗೆಯ ದೃಶ್ಯ, ಹೀಗೆ ಒಂದಾದ ಮೇಲೊಂದು. 'ತುಘಲಕ್'ನ ಕಟ್ಟಡ ಇದೇ. ಪರದೆಯ ಮುಂದಿನ ಹಾಸ್ಯಜೋಡಿಯ ಸ್ಥಾನದಲ್ಲಿರುವವರು ಅಜೀಜ ಮತ್ತು ಆಜಮ. ಆದರೆ ಅಗಸನಾದ ಅಜೀಜನು ಬ್ರಾಹ್ಮಣನ ವೇಷ ತೊಟ್ಟು ಸುಲ್ತಾನನ ಮೇಲೆಯೇ ದಾವೆ ಹೂಡಿ ಗೆಲ್ಲುತ್ತಾನೆ. ಸುಲ್ತಾನನ ಒಂದೊಂದು ಆದರ್ಶದಿಂದಲೂ ತನಗೊಂದು ಲಾಭವನ್ನು ಹಿಂಡಿಕೊಳ್ಳುತ್ತಾನೆ. ಕಡೆಗೆ ಖಲೀಫರ ವಂಶದವನ ವೇಷದಲ್ಲಿ ಅರಮನೆಯೊಳಗೇ ಬಂದು ನಿಲ್ಲುತ್ತಾನೆ. ಬೀದಿಯ ಪರದೆಯ ಮುಂದೆ ಇರಬೇಕಾದವನು ಪರದೆಯನ್ನು ಸರಿಸಿ ದರ್ಬಾರಿಗೆ ನುಗ್ಗಿದಂತಾಯಿತು. ರಾಜನ ಕನಸಿಗೂ ಕಳ್ಳನ ಯುಕ್ತಿಗೂ ನಡುವೆ ಅಂತರವಿಲ್ಲದಾಯಿತೆಂಬುದನ್ನು ಇಲ್ಲಿ ಯಾರೂ ಉಪದೇಶಿಸುವುದಿಲ್ಲ. ರಂಗದ ರಚನೆಯೇ ಹೇಳಿಬಿಡುತ್ತದೆ. ಸುಲ್ತಾನನ ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಬಿದ್ದಿರುವುದನ್ನು ಕಂಡ ಪ್ರೇಕ್ಷಕನಿಗೆ ಬೇರೆ ವ್ಯಾಖ್ಯಾನ ಬೇಕಿಲ್ಲ. 'ಯಯಾತಿ'ಯಲ್ಲಿ ಮಾತು ಮಾಡುತ್ತಿದ್ದ ಕೆಲಸದ ಅರ್ಧವನ್ನು ಇಲ್ಲಿ ರಂಗವೇ ವಹಿಸಿಕೊಂಡಿತು.

ಈ ನಾಟಕದ ಮುಂದಿನ ಬಾಳಿನಲ್ಲಿ ಬಂಟ್ವಾಳ ಸೀಮೆಯ ಒಬ್ಬರ ಕೈ ಸೇರಿತು. ಮಂಚಿಯಲ್ಲಿ 1929ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಮನೆಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ಹಿಂದಿಯಲ್ಲಿ ಎಂ. ಎ. ಮಾಡಿ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತು ಪಡೆದ ಬಿ. ವಿ. ಕಾರಂತರು 'ತುಘಲಕ್' ನಾಟಕವನ್ನು ಹಿಂದುಸ್ತಾನಿಗೆ ಅನುವಾದಿಸಿದರು. 1966ರಲ್ಲಿ ದಿಲ್ಲಿಯಲ್ಲಿ ಅದು ರಂಗವೇರಿತು. 1970ರಲ್ಲಿ ಮುಂಬಯಿಯಲ್ಲಿ ಲೇಖಕರದೇ ಇಂಗ್ಲಿಷ್ ಅನುವಾದ ಆಡಲ್ಪಟ್ಟಿತು. ಕನ್ನಡದ ನಾಟಕವೊಂದು ಹೀಗೆ ಕೆಲವೇ ವರ್ಷಗಳಲ್ಲಿ ದೇಶದ ನಾಟಕವಾದುದು ಅಪೂರ್ವ. ಇದರಲ್ಲಿ ಧಾರವಾಡದ ಪ್ರಕಾಶಕರ ಪಾಲೆಷ್ಟೋ ಮಂಚಿಯ ಅನುವಾದಕರ ಪಾಲೂ ಅಷ್ಟೇ ಎಂಬುದನ್ನು ಈ ಸೀಮೆಯವರಾದರೂ ಮರೆಯತಕ್ಕದ್ದಲ್ಲ.

ಇನ್ನು ಚಲಚ್ಚಿತ್ರದ ಮಾತು. ನಾಟಕಕಾರರ ವಿಮರ್ಶೆಯಲ್ಲಿ ಅವರ ಚಿತ್ರಕಥೆಗಳನ್ನು ಹೊಟ್ಟೆಪಾಡಿನ ಕೆಲಸವೆಂದು ಕಡೆಗಣಿಸುವ ವಾಡಿಕೆಯಿದೆ. ಕಾರ್ನಾಡರ ವಿಷಯದಲ್ಲಿ ಅದು ಸಲ್ಲದು. ಯು. ಆರ್. ಅನಂತಮೂರ್ತಿಯವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದಾಗ ಬರೆದು, 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದರು. ಅದರ ಚಿತ್ರಕಥೆ ಕಾರ್ನಾಡರದು. ಪ್ರಾಣೇಶಾಚಾರ್ಯನ ಪಾತ್ರವೂ ಅವರದೇ. ನಾರಣಪ್ಪನ ಶವವನ್ನು ಯಾರು ಸಂಸ್ಕಾರ ಮಾಡತಕ್ಕದ್ದೆಂಬ ತೊಡಕಿನಿಂದ ಮೊದಲಾಗುವ ಈ ಕಥೆಯಲ್ಲಿ ಬಹುಪಾಲು ನಡೆಯುವುದು ಆಚಾರ್ಯನ ಮನಸ್ಸಿನೊಳಗೆ. ಕಾದಂಬರಿಕಾರನಿಗೆ ಮನಸ್ಸಿನೊಳಗೆ ಹೊಕ್ಕು ಬರೆಯುವ ಸ್ವಾತಂತ್ರ್ಯವುಂಟು. ನಾಟಕಕಾರನಿಗೆ ಸ್ವಗತವಾದರೂ ಉಂಟು. ಕ್ಯಾಮೆರಾಕ್ಕೆ ಇವೆರಡೂ ಇಲ್ಲ. ಅದು ಕಾಣಬಲ್ಲುದು ಮುಖವನ್ನು, ನಡೆಯುವ ಕಾಲನ್ನು, ಮನೆಯಲ್ಲಿ ಸತ್ತುಬಿದ್ದ ಇಲಿಯನ್ನು, ಮಾಡಿನ ಮೇಲೆ ಕುಳಿತ ಹದ್ದನ್ನು. ಮಾತನ್ನೇ ನೆಚ್ಚಿ ಲೇಖಕನಾದವನೊಬ್ಬನು ಇಲ್ಲಿ ಮಾತನ್ನು ಅಳಿಸುವ ಕೆಲಸಕ್ಕೆ ಕುಳಿತನು. ಅಷ್ಟೇ ಅಲ್ಲ, ಅಳಿಸಿದ ಮಾತಿನ ಭಾರವನ್ನು ನಟನಾಗಿ ತನ್ನ ಮೈಮೇಲೆಯೇ ಹೊತ್ತನು. ಸೆನ್ಸಾರಿನವರು ಮೊದಲು ತಡೆಹಿಡಿದ ಈ ಚಿತ್ರ ಆಮೇಲೆ ಬಿಡುಗಡೆಯಾಗಿ, ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿಗೆ ತಂದಿತು. ಮರುವರ್ಷವೇ ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ವನ್ನು ಕಾರ್ನಾಡರೂ ಕಾರಂತರೂ ಜೊತೆಯಾಗಿ ನಿರ್ದೇಶಿಸಿದರು. ಆ ನಿರ್ದೇಶನಕ್ಕೂ ರಾಷ್ಟ್ರಪ್ರಶಸ್ತಿ ಸಂದಿತು.

1971ರಲ್ಲಿ 'ಹಯವದನ' ಬಂದಿತು. 'ಯಯಾತಿ'ಯನ್ನೂ ಇದನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಒಬ್ಬನೇ ಲೇಖಕನ ಕೈಯೆಂದು ನಂಬುವುದು ಕಷ್ಟ. ಮಾತು ಚಿಕ್ಕದಾಗಿದೆ; ಗಾಡಿಯಿಲ್ಲದೆ ಗಾಡಿ ಹೊಡೆಯುವ ಅಭಿನಯವಿದೆ; ಬೊಂಬೆಗಳು ಮಾತಾಡುತ್ತವೆ; ಗೆಳೆಯರಿಬ್ಬರ ಕೊನೆಯ ಕಾಳಗ ಕುಣಿತದಂತೆ ಸಾಗುತ್ತದೆ. ಮಾತನ್ನು ಅಳಿಸುವುದನ್ನು ಕಲಿಸಿದ ಚಿತ್ರಕಥೆಯ ಶಿಕ್ಷಣವೂ ಬಾಲ್ಯದ ಆಟದ ನೆನಪೂ ಇಲ್ಲಿ ಕೂಡಿಕೊಂಡವೆಂದು ಊಹಿಸಲು ಅಡ್ಡಿಯಿಲ್ಲ.

ಕಥೆಯ ಬೇರು ಬೇತಾಳ ಪಂಚವಿಂಶತಿಯಲ್ಲಿದೆ. ಜರ್ಮನ್ ಲೇಖಕ ಥಾಮಸ್ ಮಾನ್ ಅದನ್ನೇ 1940ರಲ್ಲಿ ನೀಳ್ಗತೆಯಾಗಿ ಬರೆದಿದ್ದನು. ಕಾರ್ನಾಡರ ನಾಟಕದಲ್ಲಿ ಬುದ್ಧಿವಂತ ದೇವದತ್ತ, ಬಲಶಾಲಿ ಕಪಿಲ ಇಬ್ಬರೂ ಕಾಳಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ಕಾಳಿಯ ವರದಿಂದ ಪದ್ಮಿನಿ ತಲೆಗಳನ್ನು ಜೋಡಿಸುವಾಗ ಅದಲುಬದಲಾಗುತ್ತದೆ. ಗಂಡನಾರು? ತಲೆಯುಳ್ಳವನೋ ಮೈಯುಳ್ಳವನೋ? ಬೇತಾಳನ ಕಥೆ ತಲೆಯ ಪರವಾಗಿ ತೀರ್ಪುಕೊಟ್ಟು ಮುಗಿಯುತ್ತದೆ. ಮಾನ್ ಆ ತೀರ್ಪಿನ ಮುಂದಕ್ಕೂ ಹೋಗಿ, ಮೈ ತಲೆಯನ್ನೂ ತಲೆ ಮೈಯನ್ನೂ ತಿದ್ದುವ ಬಗೆಯನ್ನು ಕಂಡನು. ಕಾರ್ನಾಡರು ಇದಕ್ಕೆ ತಮ್ಮದೇ ಆದ ಹೊರಕಥೆಯೊಂದನ್ನು ಕೂಡಿಸಿದರು: ಕುದುರೆಯ ತಲೆಯ ಮನುಷ್ಯ ಹಯವದನನು ಪೂರ್ಣತೆಯನ್ನು ಬೇಡಿ, ಪೂರ್ತಿ ಕುದುರೆಯಾಗಿಬಿಡುವ ಕಥೆ. ಮೊದಲಲ್ಲಿ ಪೂಜೆಗೊಳ್ಳುವ ದೈವವೂ ಆನೆಯ ತಲೆಯ, ಮುರಿದ ದಂತದ ಗಣಪತಿಯೇ. ಈ ಮೂರರ ಹೊಂದಾಣಿಕೆ ಕೃತಿಯ ಹಿರಿಮೆ, ಇದು ಮಾನ್‌ನಲ್ಲಿಲ್ಲ.

ಈಗ ಆಟವನ್ನು ಬಲ್ಲವರ ಪ್ರಶ್ನೆಗೆ ಬರಬಹುದು. ಧರ್ಮಸ್ಥಳದ ಮೇಳದ ಆಟವನ್ನು ರಾತ್ರಿಯಿಡೀ ಕುಳಿತು ನೋಡಿದವನಿಗೆ ಚೌಕಿಯ ಗಣಪತಿ ಪೂಜೆ ಗೊತ್ತು, ಇಬ್ಬರು ಹಿಡಿದ ತೆರೆಯ ಹಿಂದಿನಿಂದ ವೇಷವು ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಳ್ಳುವ ಬೆಡಗು ಗೊತ್ತು, ಭಾಗವತನು ಮೊದಲ ವೇಷಧಾರಿಯೆಂಬ ಮಾತೂ ಗೊತ್ತು. ಇವೆಲ್ಲ 'ಹಯವದನ'ದಲ್ಲಿ ಕಾಣುತ್ತವೆ. ಆದರೆ ಒಂದು ಮುಖ್ಯ ಸಂಗತಿ ತಲೆಕೆಳಗಾಗಿದೆ. ಆಟದ ಭಾಗವತನ ಕೈಯಲ್ಲಿ ಪ್ರಸಂಗವಿದೆ. ಕಥೆಯ ಮೊದಲು ಕೊನೆ ಅವನಿಗೆ ಮಾತ್ರವಲ್ಲ, ಸಭೆಗೂ ಗೊತ್ತು. 'ಹಯವದನ'ದ ಭಾಗವತನು ಕಥೆಯನ್ನು ತೊಡಗುವಷ್ಟರಲ್ಲೇ ನಟನೊಬ್ಬನು ಬೆದರಿ ಓಡಿಬರುತ್ತಾನೆ. ಹಿಂದೆಯೇ ಕುದುರೆಮೋರೆಯವನು ಬರುತ್ತಾನೆ. ಪ್ರಸಂಗದಲ್ಲಿಲ್ಲದ ವೇಷವೊಂದು ರಂಗಸ್ಥಳಕ್ಕೆ ಬಂದರೆ ಭಾಗವತನು ಏನು ಮಾಡಿಯಾನು? ಕಾರ್ನಾಡರ ನಾಟಕ ಹುಟ್ಟುವುದು ಆ ತಬ್ಬಿಬ್ಬಿನಲ್ಲಿ. ಎಲ್ಲವನ್ನೂ ಬಲ್ಲ ಕಲಾಪ್ರಕಾರವನ್ನು ಆಯ್ದುಕೊಂಡು, ಯಾರೂ ಬಲ್ಲೆನೆನ್ನಲಾರದ ಕಥೆಯನ್ನು ಅದರಲ್ಲಿ ಹೇಳಿದರು. ಇದು ಅನುಕರಣವೆಂದೂ ಅಪಹರಣವೆಂದೂ ಹೇಳತಕ್ಕದ್ದಲ್ಲ; ವಿನಿಯೋಗವೆನ್ನಬೇಕು.

ಆದರೂ ತಾಳಮದ್ದಲೆಯ ರಸಿಕನಿಗೆ ಒಂದು ಹಸಿವು ಉಳಿಯುತ್ತದೆ. ಯಕ್ಷಗಾನದಲ್ಲಿ ಕವಿ ಬರೆದುದು ಪದ್ಯ ಮಾತ್ರ. ಮಾತು ಅರ್ಥಧಾರಿಯದು, ಆ ರಾತ್ರಿಯದು. ಪದ್ಮಿನಿ ಯಾರವಳೆಂಬ ತರ್ಕ ಇಬ್ಬರು ಸಮರ್ಥ ಅರ್ಥಧಾರಿಗಳ ಕೈಗೆ ಸಿಕ್ಕಿದ್ದರೆ ಮನುಸ್ಮೃತಿಯಿಂದ ಮೊದಲ್ಗೊಂಡು ವೇದಾಂತದ ವರೆಗೆ ಎಲ್ಲವೂ ಬಂದು ಬೆಳಗಾಗಿಬಿಡುತ್ತಿತ್ತು. ಕಾರ್ನಾಡರು ಅದನ್ನು ಕೊಂಚವೇ ನಡೆಸಿ, ಋಷಿಯ ತೀರ್ಪನ್ನು ಭಾಗವತನ ಬಾಯಿಂದ ಹೇಳಿಸಿ ಮುಗಿಸುತ್ತಾರೆ. ಮೇಲ್ನೋಟಕ್ಕೆ ಇದು ಕೊರತೆ. ಆದರೆ ವಿಚಾರಿಸಿದರೆ ಔಚಿತ್ಯ ಕಾಣುವುದು. ಈ ತಕರಾರು ಮಾತಿನಿಂದ ಇತ್ಯರ್ಥವಾಗುವಂತಹದಲ್ಲ; ಹಾಗಾಗುವುದಿದ್ದರೆ ಋಷಿಯ ತೀರ್ಪಿಗೇ ನಾಟಕ ಮುಗಿಯಬೇಕಿತ್ತು. ತೀರ್ಪಿನ ಬಳಿಕ ದಿನದಿನವೂ ಮೆತ್ತಗಾಗುವ ದೇವದತ್ತನ ಮೈ, ದಿನದಿನವೂ ಗಟ್ಟಿಯಾಗುವ ಕಪಿಲನ ಮೈ, ಇವುಗಳೇ ಮುಂದಿನ ವಾದವನ್ನು ನಡೆಸುತ್ತವೆ. ವಾದವೇ ನಾಟಕವೆಂದು ನಂಬಿದ್ದ 'ಯಯಾತಿ'ಯ ಲೇಖಕನು ಹತ್ತು ವರ್ಷಗಳಲ್ಲಿ ವಾದವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿತುಕೊಂಡನು.

ಹಾಗೆಂದು ನಷ್ಟವಾಗಲಿಲ್ಲವೆಂದಲ್ಲ. ಆಟದಲ್ಲಿ ನಟನು ಕವಿಯ ಸಮಾನ. ಇಲ್ಲಿ ನಟನು ಲೇಖಕನ ಮಾತನ್ನೊಪ್ಪಿಸುವವನು. ಯಕ್ಷಗಾನದ ಅಂಗಾಂಗಗಳು ಬಂದವು, ಅದರ ಉಸಿರಾದ ಆಶುವಾಕ್ಕು ಬರಲಿಲ್ಲ. ಪುಸ್ತಕದಲ್ಲಿ ಓದುವವನಿಗೆ ಈ ಕೊರತೆ ಹೆಚ್ಚು ತೋರುವುದು. ರಂಗದಲ್ಲಿ ಅದನ್ನು ಬಹುಮಟ್ಟಿಗೆ ತುಂಬಿದವರು ಮತ್ತೆ ಮಂಚಿಯ ಕಾರಂತರೇ. 'ಹಯವದನ'ವನ್ನು ಹಿಂದಿಗೆ ಅನುವಾದಿಸಿ, ಹಿಂದಿಯಲ್ಲೂ ಕನ್ನಡದಲ್ಲೂ ಆಡಿಸಿ, ಹಾಡುಗಳಿಗೆ ರಾಗಕಟ್ಟಿದ ಅವರಿಗೆ ಮಾತು ಎಲ್ಲಿ ಹಾಡಾಗಬೇಕು, ಹಾಡು ಎಲ್ಲಿ ಬರಿಯ ಸದ್ದಾಗಬೇಕೆಂಬುದು ಸಹಜವಾಗಿ ತಿಳಿದಿತ್ತು. ಓದಿನಿಂದ ಬೆಳೆದ ತಲೆ, ಕಂಪನಿಯಲ್ಲೂ ಬಯಲಲ್ಲೂ ಬೆಳೆದ ಮೈ, ಇವೆರಡನ್ನು ಜೋಡಿಸಿದ ಆ ಪ್ರಯೋಗಗಳನ್ನು ನೆನೆದರೆ, ತಲೆಯೇ ಶ್ರೇಷ್ಠವೆಂಬ ಋಷಿಯ ತೀರ್ಪು ರಂಗಭೂಮಿಯ ಮಟ್ಟಿಗಾದರೂ ಅರ್ಧಸತ್ಯವೆಂದು ತೋರದಿರದು.

1998ರಲ್ಲಿ ಜ್ಞಾನಪೀಠ ಪ್ರಶಸ್ತಿ ಪಡೆದು 2019ರಲ್ಲಿ ತೀರಿಕೊಂಡ ಕಾರ್ನಾಡರ ಮುಂದಿನ ನಾಟಕಗಳ ತಾರತಮ್ಯ ಇಲ್ಲಿಯ ವಿಷಯವಲ್ಲ. ಮೊದಲ ಹತ್ತು ವರ್ಷಗಳ ಪಾಠವಿಷ್ಟು: ಮೊದಲ ನಾಟಕದಲ್ಲಿ ಎಲ್ಲ ಮಾತೂ ತನ್ನದೇ ಆಗಿದ್ದವನು ಎರಡನೆಯದರಲ್ಲಿ ಕಂಪನಿಯ ಪರದೆಗೆ ಪಾಲು ಕೊಟ್ಟನು, ಚಿತ್ರದಲ್ಲಿ ಮೌನಕ್ಕೆ ಪಾಲು ಕೊಟ್ಟನು, ಮೂರನೆಯದರಲ್ಲಿ ಹಾಡಿಗೂ ಕುಣಿತಕ್ಕೂ ಬೊಂಬೆಗೂ ಪಾಲು ಕೊಟ್ಟನು. ಹೀಗೆ ಹಂಚಿಕೊಂಡಷ್ಟೂ ಅವನ ನಾಟಕ ಬೆಳೆಯಿತು. ರತ್ನಾಕರವರ್ಣಿಯ ಮೂಡುಬಿದಿರೆಯಲ್ಲಿ ಕಾವ್ಯವನ್ನು ಹಾಡಿ ಕೇಳಿದವರಿಗೆ, ಬೆಳ್ತಂಗಡಿಯ ಗದ್ದೆಗಳಲ್ಲಿ ಆಟ ಕಂಡವರಿಗೆ ಈ ಹಂಚಿಕೆ ಹುಟ್ಟಿನಿಂದಲೇ ಬಂದ ಸೊತ್ತು. ಅದನ್ನು ಬಾಲ್ಯದಲ್ಲಿ ಕಂಡು, ಬಿಟ್ಟುಹೋಗಿ, ಹತ್ತು ವರ್ಷ ದುಡಿದು ಮರಳಿ ಪಡೆದವನೊಬ್ಬನು ಅದರಿಂದ ಹೊಸ ಪ್ರಶ್ನೆಯನ್ನು ಕೇಳಿದನು. ಕೈಯಲ್ಲೇ ಇಟ್ಟುಕೊಂಡವರು ಅದರಿಂದ ಏನನ್ನು ಕೇಳಿದ್ದಾರೆ? ಒಯ್ದರೆಂಬ ದೂರಿಗಿಂತ ಮೊದಲು ಈ ಸೀಮೆಯ ಬರೆಹಗಾರರು ಉತ್ತರಿಸಬೇಕಾದ ಪ್ರಶ್ನೆ ಇದು.